ನೀಲಿ ಕವರಿನಲ್ಲಿ ಅಕಾರ್ಡಿಯನ್

ಜೂನ್ 7, ಶನಿವಾರ

ಮತ್ತೆ ಗಡ್ಡದವನ ಹಳೇ ರೆಕಾರ್ಡಿನ ಅಂಗಡಿ. ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. "ಬನ್ನಿ ಕನ್ನಡಕದ ಸಾರ್, ನಿಮ್ಮಿಂದ್ಲೇ ಬೋಣಿ" ಎಂದ. ಬೋಣಿ ಎಲ್ಲಿಂದ ಬರಬೇಕು? ಹುಡುಕುವುದು ಒಂದನ್ನೇ, ಅದು ಸಿಗುತ್ತಿಲ್ಲ. ಅವನೋ ಬಂದದ್ದನ್ನು ಬಂದ ಹಾಗೇ ಪೆಟ್ಟಿಗೆಗಳಿಗೆ ಬೆರೆಸಿಬಿಡುವವನು. ಎಡಗೋಡೆಯ ಪೆಟ್ಟಿಗೆಗಳೆಲ್ಲ ಮುಗಿದವು. ಸೊಂಟ ಹಿಡಿಯಿತು. ಬೆರಳ ತುದಿಯೆಲ್ಲ ಕಪ್ಪು ಧೂಳು. ಇಲ್ಲ.

ಬರೆದರೆ ಎದೆ ಹಗುರವಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಬರೆಯುತ್ತಿದ್ದೇನೆ. ಆಗಿಲ್ಲ.

ಹೆಂಡತಿ ತೀರಿಕೊಂಡ ತಿಂಗಳೇ ನನಗೆ ಸೊಂಟದ ಆಪರೇಶನ್. ನಾನು ಆಸ್ಪತ್ರೆಯಲ್ಲಿದ್ದಾಗ ತಂಗಿ ಬಂದು ಮನೆ "ಹಗುರ" ಮಾಡಿದಳು. ಬಟ್ಟೆ, ಊಟದ ಮೇಜು, ರೆಕಾರ್ಡುಗಳು — ಎಲ್ಲ. ರೆಕಾರ್ಡು ಗಡ್ಡದವನಿಗೆ. ಪ್ಲೇಯರನ್ನು ಮಾತ್ರ ಅವನು ಬೇಡವೆಂದನಂತೆ. ಮರದ ಪೆಟ್ಟಿಗೆಯದು, ಎತ್ತಲು ಇಬ್ಬರು ಬೇಕು. ಈಗ ಅದೇ ನನ್ನ ಮೇಜು. ಮುಚ್ಚಳದ ಮೇಲೆ ಮಾತ್ರೆ ಡಬ್ಬಿ, ಆಸ್ಪತ್ರೆ ಫೈಲು, ಈ ಡೈರಿ. ಅವಳ ರೆಕಾರ್ಡು ಸಿಗುವ ತನಕ ಮುಚ್ಚಳ ತೆಗೆಯುವುದಿಲ್ಲ. ಹಟ ಅಂದರೆ ಹಟ.

ಅವಳ ರೆಕಾರ್ಡು... ಮದುವೆಗೆ ಮುಂಚೆ ಹಾಡಿದ್ದು. ಮಕ್ಕಳ ಹಾಡುಗಳು. ನೀಲಿ ಕವರು, ಮೇಲೆ ಕಾಗದದ ದೋಣಿ. ಎರಡನೇ ಬದಿಯ ಕೊನೆಯ ಹಾಡು ಪೂರ್ತಿ ಅವಳದು. ಆಮೇಲೆ ಗಂಟಲಿನ ಕಾಯಿಲೆ, ಆಪರೇಶನ್. ಧ್ವನಿ ಹೋಯಿತು. ಉಳಿದ ಅಷ್ಟೂ ವರ್ಷ ಪಿಸುಮಾತು. ಫೋನಿನ ವಿಡಿಯೋಗಳಲ್ಲಿ ಇರುವುದೂ ಆ ಪಿಸುಮಾತೇ. "ಇನ್ಮೇಲೆ ಅದನ್ನ ಹಾಕ್ಬೇಡಿ ರೀ, ನನ್ ಕೈಲಿ ಕೇಳಕ್ಕಾಗಲ್ಲ" ಎಂದಿದ್ದಳು. ಹಾಕಲಿಲ್ಲ. ಒಂದು ದಿನವೂ. ಈಗ ಆ ಧ್ವನಿ ಹೇಗಿತ್ತೆಂದೇ ಮರೆತುಹೋಗುತ್ತಿದೆ. ಭಯವಾಗುತ್ತದೆ.

ಜೂನ್ 11, ಬುಧವಾರ

ನಮ್ಮ ಕನ್ನಡಕದ ಅಂಗಡಿಯಲ್ಲಿ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿದೆ. ಗಿರಾಕಿ ಹಾಕಿಕೊಂಡು ಹೊರಟವರು ಮೆಟ್ಟಿಲು ತಪ್ಪಿದರು. ಸದ್ಯ, ಬೀಳಲಿಲ್ಲ.

ತಂಗಿಯ ಫೋನು. "ನಿನ್ ಒಳ್ಳೇದಕ್ಕೇ ಮಾಡಿದ್ದು ಅಣ್ಣಾ. ಅದನ್ನೆಲ್ಲ ನೋಡ್ತಾ ನೀನು ಕೊರಗ್ಬಾರ್ದು ಅಂತ."

"ಈಗ ಕೊರಗ್ತಿಲ್ವಾ?"

ಅತ್ತಳು. ಅವಳ ಮೇಲೆ ಕೂಗಿ ಏನಾಗಬೇಕು? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಜೂನ್ 14, ಶನಿವಾರ, ಮಧ್ಯಾಹ್ನ

ಸಿಕ್ಕಿತು! ನೀಲಿ ಕವರು. ದೋಣಿ. ಮೂಲೆಯಲ್ಲಿ ಅವಳ ಟೀ ಲೋಟದ ಗುರುತು. ಎಳೆದ ರಭಸಕ್ಕೆ ಅಕ್ಕಪಕ್ಕದವೆಲ್ಲ ಕೆಳಗೆ ಬಿದ್ದವು. ಗಡ್ಡದವನದೊಂದು ನಿಯಮ — ಕೊಳ್ಳುವ ಮುಂಚೆ ಒಬ್ಬರಿಗೆ ಒಂದು ಹಾಡು, ಕೌಂಟರಿನ ಪ್ಲೇಯರಿನಲ್ಲಿ. "ಹಾಕಪ್ಪಾ. ಎರಡನೇ ಸೈಡು, ಕೊನೇದು" ಎಂದೆ. ಕಣ್ಣು ಮುಚ್ಚಿಕೊಂಡೆ.

ಅಕಾರ್ಡಿಯನ್.

ಯಾರೋ ಪುಣ್ಯಾತ್ಮ ಕುಣಿಯುವುದಕ್ಕೆಂದೇ ನುಡಿಸಿದ್ದು. ಅಂಗಡಿಯಲ್ಲಿದ್ದ ಇಬ್ಬರು ಕಾಲು ಕೂಡ ಕುಟ್ಟಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕೌಂಟರು ಹಿಡಿದುಕೊಂಡು ಅತ್ತೆ. ನಾಚಿಕೆಯೂ ಆಗಲಿಲ್ಲ. ಇರಲಿ ಎಂದು ಅದನ್ನೇ ಕೊಂಡು ತಂದೆ.

ಜೂನ್ 15, ಭಾನುವಾರ

ತಪ್ಪು ಅವಳದೇ. ಒಂದು ರೆಕಾರ್ಡು ಮುಗಿದು ಇನ್ನೊಂದು ಹಾಕುವಾಗ, ಇಳಿಸಿದ್ದನ್ನು ಅದರ ಕವರಿಗೆ ಸೇರಿಸುವ ಅಭ್ಯಾಸವೇ ಇರಲಿಲ್ಲ. ಹೊಸದನ್ನು ತೆಗೆದು ಖಾಲಿಯಾದ ಕವರು ಕೈಯಲ್ಲೇ ಇರುತ್ತದಲ್ಲ, ಹಳೆಯದನ್ನು ಅದಕ್ಕೇ ತುರುಕುವುದು. ಇದರ ಟೋಪಿ ಅದಕ್ಕೆ, ಅದರದು ಇನ್ನೊಂದಕ್ಕೆ. ರಜೆಯ ದಿನ ನಾನು ಕೂತು ಎಲ್ಲವನ್ನೂ ಸರಿಮಾಡಬೇಕು. ಬೈದರೆ, "ಒಳಗೆ ಹಾಡಿದ್ರೆ ಸಾಕಲ್ವೇನ್ರೀ, ಯಾರ ಮನೇಲಿದ್ರೇನು" ಎಂದು ಪಿಸುಗುಟ್ಟಿ ನಗುವುದು. ಕೊನೆಯ ವರ್ಷ ಸೊಂಟ ನೋವಿನಲ್ಲಿ ನಾನು ಸರಿಮಾಡಲಿಲ್ಲ.

ಹಾಗಾದರೆ ಅವಳ ಹಾಡು ಇನ್ಯಾವುದೋ ಕವರಿನಲ್ಲಿ ಕೂತಿದೆ. ಎಲ್ಲವನ್ನೂ ಬಿಚ್ಚಬೇಕು.

ಜುಲೈ 12, ಶನಿವಾರ

ಬರೆಯುವಂಥದ್ದೇನೂ ಇರಲಿಲ್ಲ. ಅಂಗಡಿಯ ಒಂದೊಂದು ಕವರನ್ನೂ ಬಿಚ್ಚಿದ್ದಾಯಿತು. ಗಡ್ಡದವನೂ ಸ್ಟೂಲು ಎಳೆದುಕೊಂಡು ಜೊತೆಗೆ ಕೂತ, ಪಾಪ. ಇಲ್ಲ. ಮಾರಿಹೋದವು ಎಷ್ಟೋ. ಕವರು ಹರಿದವನ್ನು ಗೋಡೆ ಗಡಿಯಾರ ಮಾಡುವ ಹೆಂಗಸೊಬ್ಬಳು ಒಯ್ಯುತ್ತಾಳಂತೆ. ಯಾರದೋ ಅಡುಗೆಮನೆಯಲ್ಲಿ ನನ್ನವಳು ಟಿಕ್ ಟಿಕ್ ಎನ್ನುತ್ತಿರಬಹುದು.

"ಬಿಟ್ಬಿಡೋಣಪ್ಪಾ, ಸಾಕು" ಎಂದೆ. ಅಕಾರ್ಡಿಯನ್ನನ್ನು ಅವನ ಕೈಗಿಟ್ಟೆ. ಕವರು ನನಗಿರಲಿ, ಕುಣಿತ ನಿನಗಿರಲಿ. ಅವನು ಲೇಬಲ್ ನೋಡಿ ಗಡ್ಡ ಕೆರೆದುಕೊಂಡ.

"ಸಾರ್, ಇದು ನೀವೇ ಹೋದ ಚಳಿಗಾಲದಲ್ಲಿ ಮೇಡಮ್‌ಗೆ ಅಂತ ನಮ್ಮಲ್ಲಿ ತಗೊಂಡಿದ್ದು. ಈ ಗೀರು ನಾನೇ ತೋರ್ಸಿ ರೇಟು ಇಳಿಸಿದ್ದೆನಲ್ಲ."

ಹೌದು. ಹುಟ್ಟುಹಬ್ಬಕ್ಕೆ. ಕವರಿನ ಚಿತ್ರ ಚೆನ್ನಾಗಿದೆಯೆಂದು ಕೊಂಡಿದ್ದೆ, ಕೂತು ಕೇಳಿರಲೇ ಇಲ್ಲ. ಅದಾದ ಎರಡೇ ವಾರಕ್ಕೆ ಅವಳು ಹೋದಳು.

ಜುಲೈ 13, ಭಾನುವಾರ, ಬೆಳಿಗ್ಗೆ

ನಿದ್ದೆಯಿಲ್ಲ. ನೀಲಿ ಕವರಿನಲ್ಲಿ ಅಕಾರ್ಡಿಯನ್ ಇತ್ತೆಂದರೆ, ಅದನ್ನು ಇಳಿಸಿ ಅವಳು ಹಾಕಿದ್ದು ತನ್ನ ಹಾಡನ್ನೇ. ಅದೂ ಕೊನೆಯ ಎರಡು ವಾರದಲ್ಲಿ. ನನಗೆ ಬೇಡವೆಂದು ಹೇಳಿ, ನಾನು ಕೆಲಸಕ್ಕೆ ಹೋದ ಮೇಲೆ, ಒಬ್ಬಳೇ ಕೂತು... ನನ್ನನ್ನು ಯಾಕೆ ಕರೆಯಲಿಲ್ಲ? ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆನಲ್ಲ. ಹೊಟ್ಟೆ ಉರಿಯುತ್ತಿದೆ.

ಪಕ್ಕದ ಮನೆಯ ಟೀಚರ ಹತ್ತಿರ ಹೋದೆ. ಆ ದಿನ ಅವಳು ಕುರ್ಚಿಯಲ್ಲಿ ಒರಗಿದ್ದನ್ನು ಮೊದಲು ನೋಡಿದ್ದು ಅವರೇ. ಹಾಡೇನಾದರೂ ಬರುತ್ತಿತ್ತೇ ಎಂದು ಕೇಳಿದೆ.

"ಹಾಡಿರ್ಲಿಲ್ಲ. ಆ ಪೆಟ್ಟಿಗೆ ಸುಮ್ನೆ ಗುರ್ ಅಂತಿತ್ತು. ಆಂಬುಲೆನ್ಸ್ ಹೋದ್ಮೇಲೆ ನಾನೇ ಸ್ವಿಚ್ ತೆಗ್ದು, ಮುಚ್ಚಳ ಹಾಕಿ, ಮನೆ ಬೀಗ ಹಾಕ್ಕೊಂಡ್ ಬಂದೆ. ಯಾಕೆ?"

ಯಾಕೂ ಇಲ್ಲ ಎಂದೆ. ಬಂದು ತಂಗಿಗೆ ಫೋನ್ ಮಾಡಿದೆ.

"ಪ್ಲೇಯರ್ ಮುಚ್ಚಳ ನಾನ್ಯಾಕೆ ತೆಗೀಲಿ ಅಣ್ಣಾ? ಶೆಲ್ಫಲ್ಲಿ ಕವರಲ್ಲಿದ್ದಿದ್ದನ್ನಷ್ಟೇ ಕೊಟ್ಟಿದ್ದು."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆನೇ?

ಇದ್ದರೆ — ಕಟ್ಟಕಡೆಗೆ ಅವಳು ಕೇಳಿದ್ದು ಅದನ್ನೇ, ನಾನಿಲ್ಲದೆ. ಇಲ್ಲದಿದ್ದರೆ — ಇನ್ನು ಹುಡುಕುವುದಕ್ಕೆ ಜಾಗವೇ ಇಲ್ಲ. ಯಾವುದು ಹೆಚ್ಚು ನೋಯುತ್ತದೋ ತಿಳಿಯುತ್ತಿಲ್ಲ.

ಮಾತ್ರೆ ಡಬ್ಬಿ ಕೆಳಗಿಟ್ಟೆ. ಫೈಲು ಕೆಳಗಿಟ್ಟೆ. ಮುಚ್ಚಳದ ಮೇಲೆ ಉಳಿದಿರುವುದು ಈ ಡೈರಿ, ನನ್ನ ಕೈ. ಆಗಲೇ ಎತ್ತಬೇಕಿತ್ತು, ಬರೆಯುತ್ತಲೇ ಇದ್ದೇನೆ. ಇದನ್ನು ಎತ್ತಿದರೆ