ನೂರು ಕಿಲೋಮೀಟರಿಗೆ ಹತ್ತು ಲೀಟರ್

ಪಡೀಲ್, ಮಂಗಳೂರು
೧೮ ಫೆಬ್ರವರಿ ೨೦೨೫, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಶೈಲೇಶಣ್ಣಾ,

ನಿನ್ನ ಸೊಂಟನೋವು ಹೇಗಿದೆ? ಅಲ್ಲಿ ಬಹ್ರೇನ್‌ನಲ್ಲಿ ಈಗ ಚಳಿ ಅಂತ ಅತ್ತಿಗೆ ಹೇಳಿದರು. ಗ್ಯಾರೇಜಿನ ಸಿಮೆಂಟ್ ನೆಲದ ಮೇಲೆ ಹಾಗೇ ಮಲಗಿ ಕೆಲಸ ಮಾಡಬೇಡ, ಕೆಳಗೆ ಏನಾದರೂ ಹಾಸಿಕೋ. ಅಪ್ಪ ಚೆನ್ನಾಗಿದ್ದಾರೆ. ಲಕ್ವ ಹೊಡೆದ ಬಲಗೈ ಇನ್ನೂ ಎದೆಯ ತನಕ ಮಾತ್ರ ಏಳುತ್ತದೆ. ವಾರಕ್ಕೆರಡು ಸಲ ಫಳ್ನೀರಿನ ಆಸ್ಪತ್ರೆಗೆ ವ್ಯಾಯಾಮಕ್ಕೆ ಕರೆದುಕೊಂಡು ಹೋಗುತ್ತೇನೆ. ಮಾತು ನಿಧಾನ, ಆದರೆ ಬೈಗುಳ ಮಾತ್ರ ಮೊದಲಿನಷ್ಟೇ ಸ್ಪಷ್ಟ. ವಾಟ್ಸಾಪಿನಲ್ಲಿ ಬರೆದರೆ ನೀನು ಒಂದು ಹೆಬ್ಬೆಟ್ಟಿನ ಚಿತ್ರ ಕಳುಹಿಸುತ್ತೀ, ಫೋನ್ ಮಾಡಿದರೆ ಅರ್ಧದಲ್ಲಿ ಮಾತು ಕಡಿಯುತ್ತೀ. ಅದಕ್ಕೇ ಕಾಗದ. ಪಕ್ಕದ ಮನೆಯ ಪ್ರೇಮ್ ಗುರುವಾರ ಅಲ್ಲಿಗೆ ಬರುತ್ತಿದ್ದಾನೆ, ಒಣಸಿಗಡಿಯ ಜೊತೆ ಇದನ್ನೂ ಅವನ ಕೈಯಲ್ಲಿ ಕೊಡುತ್ತೇನೆ.

ನಮ್ಮ ಡೀಸೆಲ್ ಪಂಪ್ ವರ್ಕ್‌ಶಾಪ್ ಮುಚ್ಚಿ ಜಾಗವನ್ನು ದೀಪೇಶ್‌ಗೆ ಕೊಡೋಣ, ಅವನು ಟೈಲ್ಸ್ ಶೋರೂಮ್ ಮಾಡುತ್ತಾನೆ ಅಂತ ನೀನು ಹೇಳಿದೆಯಲ್ಲ. ಡೀಸೆಲ್ ಕಾಲ ಮುಗಿಯಿತು, ಹೆಂಗಸು ಒಬ್ಬಳೇ ಎಷ್ಟು ವರ್ಷ ಅಂತ ನಡೆಸುತ್ತಾಳೆ ಅಂತಲೂ ಹೇಳಿದೆ. ಅದಕ್ಕೆ ಉತ್ತರ ಕೊಡುವ ಮೊದಲು ಕಳೆದ ವಾರ ಇಲ್ಲಿ ನಡೆದದ್ದನ್ನು ಹೇಳಬೇಕು.

ನಿನ್ನ ಜೊತೆ ಶಾಲೆಗೆ ಹೋಗುತ್ತಿದ್ದ ಬಿಕರ್ನಕಟ್ಟೆಯ ಲಯನೆಲ್ ನೆನಪಿದ್ದಾನಾ? ಜರ್ಮನಿಯಲ್ಲಿ ಮೂವತ್ತು ವರ್ಷ ಇದ್ದವನು ಹೆಂಡತಿ ಶರೊನ್ ಜೊತೆ ರಸ್ತೆಯಲ್ಲೇ ಊರಿಗೆ ಬಂದಿದ್ದಾನೆ. ಟರ್ಕಿ, ಇರಾನ್, ಪಾಕಿಸ್ತಾನ ದಾಟಿ ಮನೆಯ ಅಂಗಳದ ತನಕ! ಮೋಟರ್‌ಹೋಮ್ ಅಂತಾರಲ್ಲ, ಮಂಚ, ಒಲೆ, ಕಕ್ಕಸು ಎಲ್ಲ ಒಳಗೇ ಇರುವ ಡೀಸೆಲ್ ವ್ಯಾನು. ಗೋವಾದಲ್ಲಿ ಒಬ್ಬ ಅಮೆರಿಕದ ಅಜ್ಜ ಇವರಿಗೆ ಜೊತೆಯಾದ. ಅವನದ್ದೂ ಮೋಟರ್‌ಹೋಮೇ, ಹಡಗಿನಲ್ಲಿ ಮುಂಬೈಗೆ ತರಿಸಿದ್ದು, ನಮ್ಮ ಸಿಟಿ ಬಸ್ಸಿನಷ್ಟು ದೊಡ್ಡದು, ಪೆಟ್ರೋಲ್ ಎಂಜಿನ್. ಒಳಗೆ ನಮ್ಮ ಅಡುಗೆಮನೆಯದ್ದಕ್ಕಿಂತ ದೊಡ್ಡ ಫ್ರಿಜ್ ಉಂಟು. ಅದು ನಮ್ಮ ಗೇಟಿನೊಳಗೆ ಬರಲಿಲ್ಲ, ರಸ್ತೆಯ ಬದಿಯಲ್ಲೇ ನಿಲ್ಲಿಸಬೇಕಾಯಿತು.

ಲಯನೆಲ್‌ನ ತೊಂದರೆ ಏನೆಂದರೆ, ಮೊದಲು ನೂರು ಕಿಲೋಮೀಟರಿಗೆ ಹತ್ತು ಲೀಟರ್ ಕುಡಿಯುತ್ತಿದ್ದ ಗಾಡಿ ರಾಜಸ್ಥಾನ ದಾಟಿದ ಮೇಲೆ ಹದಿನಾರು ಕುಡಿಯಲು ಶುರುಮಾಡಿತ್ತು. ಏರು ಬಂದರೆ ಕಪ್ಪು ಹೊಗೆ. ಒಂದು ದೊಡ್ಡ ವರ್ಕ್‌ಶಾಪಿನವರು ಪಂಪು, ಇಂಜೆಕ್ಟರ್ ಎಲ್ಲ ಬದಲಿಸಬೇಕು, ಸಾಮಾನು ಬರಲು ಆರು ವಾರ ಎಂದರಂತೆ. ಆದರೆ ಮಾರ್ಚ್ ಐದಕ್ಕೆ ಕೊಚ್ಚಿಯಲ್ಲಿ ಗಾಡಿಯನ್ನು ಹಡಗಿಗೆ ಹತ್ತಿಸಬೇಕು. ಅದರ ನಂತರ ಅದು ಭಾರತದಲ್ಲಿರಲು ಅವನ ಕಾಗದಪತ್ರದಲ್ಲಿ ಅನುಮತಿ ಇಲ್ಲ. ಅವನು ಒಳಗೆ ಬಂದು ಆಚೀಚೆ ನೋಡಿ, "ಶೈಲೇಶ್ ಇಲ್ವಾ? ಈಗ ಕೆಲಸ ಮಾಡುವುದು ಯಾರು?" ಎಂದ. ನಾನೇ ಅಂದೆ. ಪಾಪ, ಮುಖದಲ್ಲಿ ಏನೂ ತೋರಿಸಬಾರದು ಅಂತ ತುಂಬ ಕಷ್ಟಪಟ್ಟ. ಮೂರು ದಿನ ಕೊಡು, ಆಗದಿದ್ದರೆ ಆಗಲಿಲ್ಲ ಅಂತ ನಾನೇ ಹೇಳುತ್ತೇನೆ ಎಂದೆ.

ಮೊದಲ ದಿನ ಪೂರ್ತಿ ದಂಡವಾಯಿತು, ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ. ಇಂಜೆಕ್ಟರುಗಳಿಂದ ಹಿಂದೆ ಬರುವ ಡೀಸೆಲ್‌ಗೆ ನಾಲ್ಕು ಸಣ್ಣ ಬಾಟಲಿ ಕಟ್ಟಿ ನೋಡಿದೆ, ನಾಲ್ಕೂ ಸಮ, ಅಂದರೆ ಇಂಜೆಕ್ಟರ್ ಕೆಟ್ಟಿಲ್ಲ. ಫಿಲ್ಟರ್ ಸರಿ. ಬ್ರೇಕ್ ಹಿಡಿದುಕೊಂಡಿದೆಯಾ ಅಂತ ಓಡಿಸಿ ತಂದು ಚಕ್ರ ಮುಟ್ಟಿದೆ, ತಣ್ಣಗಿತ್ತು. ಸಂಜೆ ಕೈ ತೊಳೆಯುವಾಗ ದೀಪೇಶ್‌ನ ಟೈಲ್ಸ್ ಕಣ್ಣ ಮುಂದೆ ಬಂತು ನೋಡು. ನೀನು ಹೇಳಿದ್ದೇ ಸರಿಯೇನೋ ಅಂತ ಒಂದು ಗಳಿಗೆ ಅನಿಸಿತು.

ಮರುದಿನ ಅಪ್ಪ ತಾನೂ ಗಾಡಿಯಲ್ಲಿ ಕುಳಿತುಕೊಳ್ಳುತ್ತೇನೆ ಅಂತ ಹಠ ಹಿಡಿದರು. ನಾನು, ಲಯನೆಲ್ ಸೇರಿ ಎತ್ತಿ ಒಳಗಿನ ಸೋಫಾದಲ್ಲಿ ಕೂರಿಸಿದೆವು. ಕುಲಶೇಖರದ ಏರಿನಲ್ಲಿ ಲಯನೆಲ್ ಆಕ್ಸಿಲರೇಟರ್ ಒತ್ತಿ ಹಿಡಿದಾಗ ಅಪ್ಪ ಎಡಗೈ ಎತ್ತಿದರು. ಮೊದಲು ಮೀನಿನ ಟ್ರಾಲರ್ ಬೋಟುಗಳ ಎಂಜಿನ್ ಕೋಣೆಯಲ್ಲಿ ಎಲ್ಲರೂ ಸುಮ್ಮನಿರಿ ಅನ್ನಲು ಎತ್ತುತ್ತಿದ್ದರಲ್ಲ, ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ಎಂತ ಕೇಳಿಸ್ತು, ಹೇಳು" ಎಂದರು. ಅಣ್ಣಾ, ಅಂಥ ಪ್ರಶ್ನೆಯನ್ನು ಅವರು ನಿನ್ನನ್ನು ಕೇಳುತ್ತಿದ್ದದ್ದು ನಾನು ಕಂಡಿದ್ದೇನೆ. ನಾನು ಹತ್ತಿರ ಹೋದರೆ "ಹೆಣ್ಣುಮಗುವಿನ ಕೈಗೆ ಸ್ಪ್ಯಾನರ್ ಎಂತಕ್ಕೆ?" ಅಂತ ಅಟ್ಟುತ್ತಿದ್ದರು. ಅವರು ಬಿದ್ದ ಮೇಲೆ ಆರು ವರ್ಷ ನಾನು ಅಂಗಡಿ ನಡೆಸಿದ್ದೇನೆ, ಒಂದು ದಿನವೂ ನನ್ನ ಅಭಿಪ್ರಾಯ ಕೇಳಿದವರಲ್ಲ. "ಗಾಳಿ ಹೋಗ್ತಾ ಉಂಟು ಅಪ್ಪಾ, ಬಲಗಡೆ, ಕೆಳಗೆ" ಎಂದೆ. "ಹಾಗಾದ್ರೆ ಕೈ ಹಾಕಿ ನೋಡು" ಎಂದರು, ಅಷ್ಟೇ.

ರಸ್ತೆಯ ಬದಿಯಲ್ಲೇ ಗಾಡಿಯ ಅಡಿಗೆ ನುಗ್ಗಿದೆ. ಟರ್ಬೋದಿಂದ ಎಂಜಿನ್ನಿಗೆ ಗಾಳಿ ಕೊಂಡೊಯ್ಯುವ ದಪ್ಪ ಹೋಸ್, ಅದರ ಕ್ಲಾಂಪಿನ ಹಿಂದುಗಡೆ, ಕಣ್ಣಿಗೆ ಕಾಣದ ಕಡೆ, ಉಗುರು ತೂರುವಷ್ಟು ಸೀಳಿತ್ತು. ಸುಮ್ಮನೆ ನಿಂತಾಗ ಮುಚ್ಚಿಕೊಳ್ಳುತ್ತದೆ, ಭಾರ ಬಿದ್ದಾಗ ಬಾಯಿ ಬಿಡುತ್ತದೆ. ಅದಕ್ಕೇ ಯಾರಿಗೂ ಸಿಕ್ಕಿರಲಿಲ್ಲ. ಗಾಳಿ ಸಾಲದ ಎಂಜಿನ್ ಡೀಸೆಲನ್ನು ಹೊಗೆ ಮಾಡದೆ ಮತ್ತೇನು ಮಾಡೀತು? ಆ ಅಳತೆಯ ಹೋಸ್ ಇಲ್ಲಿ ಸಿಗುವುದಿಲ್ಲ. ಬಂದರಿನ ಶುಕೂರ್ ಅಂಗಡಿಯಿಂದ ಬೋಟಿನ ಎಂಜಿನ್ನಿಗೆ ಹಾಕುವ, ಬಟ್ಟೆಯ ಪದರ ಇರುವ ಹೋಸ್ ತಂದು ಕತ್ತರಿಸಿ ಕೂರಿಸಿದೆ.

ಮೂರನೆಯ ದಿನ ಪರೀಕ್ಷೆ. ಎರಡೂ ಗಾಡಿಯ ಟ್ಯಾಂಕ್ ಬಾಯಿಯ ತನಕ ತುಂಬಿಸಿ ಉಪ್ಪಿನಂಗಡಿ ಸೇತುವೆಯ ತನಕ ಹೋಗಿ ಬಂದೆವು. ಅಮೆರಿಕದವನು ತಾನೂ ಬರುತ್ತೇನೆ ಎಂದ. ನಿಮ್ಮ ಯುರೋಪಿನ ಡೀಸೆಲ್‌ನ ಹೆಮ್ಮೆ ಎಲ್ಲ ಬಾಯಲ್ಲಿ ಮಾತ್ರ ಅಂತ ಗೋವಾದಿಂದ ಲಯನೆಲ್‌ನನ್ನು ಕೀಟಲೆ ಮಾಡುತ್ತಾ ಬಂದಿದ್ದನಂತೆ. ಅವನ ಲೆಕ್ಕ ಗ್ಯಾಲನ್ನಿಗೆ ಮೈಲಿ, ಲಯನೆಲ್‌ನದ್ದು ನೂರು ಕಿಲೋಮೀಟರಿಗೆ ಲೀಟರು, ನನ್ನದು ಲೀಟರಿಗೆ ಕಿಲೋಮೀಟರು. ಅಪ್ಪ ಮಾತ್ರ "ಗಂಟೆಗೆ ಎಷ್ಟು ಕುಡೀತದೆ, ಅದು ಹೇಳಿ" ಎನ್ನುತ್ತಿದ್ದರು, ಬೋಟಿನವರಲ್ಲವಾ! ತೊಂಬತ್ತೆಂಟು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಾಯಿಯ ತನಕ ತುಂಬಿಸುವಾಗ ಲಯನೆಲ್‌ನ ಗಾಡಿಗೆ ಹಿಡಿದದ್ದು ಒಂಬತ್ತು ಮುಕ್ಕಾಲು ಲೀಟರ್. ಅಮೆರಿಕದ್ದಕ್ಕೆ ಇಪ್ಪತ್ತೈದೂವರೆ. ಲಯನೆಲ್ ಪೆಟ್ರೋಲ್ ಬಂಕಿನಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡ. ಶರೊನ್ ಕಣ್ಣೊರೆಸಿಕೊಂಡು ಬಿಕರ್ನಕಟ್ಟೆಯಲ್ಲಿ ಬಾಲಯೇಸುವಿಗೆ ಕ್ಯಾಂಡಲ್ ಹಚ್ಚಲು ಹೊರಟಳು.

ಅಮೆರಿಕದ ಅಜ್ಜನಿಗೆ ಬೇಸರವೇ ಇಲ್ಲ. ನನ್ನ ಗಾಡಿ ಇದರ ಎರಡರಷ್ಟು ತೂಕ, ಎದುರು ಗೋಡೆಯ ಹಾಗೆ ಗಾಳಿಗೆ ಬಡಿಯುತ್ತದೆ, ನಮ್ಮಲ್ಲಿ ರಸ್ತೆ ಅಗಲ, ಪೆಟ್ರೋಲ್ ಅಗ್ಗ, ಹಾಗಾಗಿ ಯಾರೂ ಲೆಕ್ಕ ಇಟ್ಟಿಲ್ಲ ಎಂದು ನಕ್ಕ. ಯುರೋಪಿನಲ್ಲಿ ಓಣಿ ಸಪೂರ, ಇಂಧನ ದುಬಾರಿ, ತೂಕಕ್ಕೆ ಮಿತಿ, ಹಾಗಾಗಿ ಒಂದೊಂದು ಹಲಗೆಯನ್ನೂ ತೂಗಿ ಕಟ್ಟುತ್ತಾರೆ ಅಂತ ಲಯನೆಲ್ ಹೇಳಿದ. ನೀನು ಅಲ್ಲಿ ದಿನಾ ಬಿಚ್ಚುವ ಅಮೆರಿಕದ ಎಂಜಿನ್ನುಗಳನ್ನು ಹೊಗಳುತ್ತೀಯಲ್ಲ, ಅವೇನೂ ಕೆಟ್ಟವಲ್ಲ. ಅವು ಬೇರೆ ಊರಿನ ಅಗತ್ಯಕ್ಕೆ ಹುಟ್ಟಿದವು, ಅಷ್ಟೇ.

ಈಗ ನನ್ನ ಉತ್ತರ ಕೇಳು. ಜಾಗ ಕೊಡುವುದಿಲ್ಲ. ದೀಪೇಶ್‌ಗೆ ನಿನ್ನೆಯೇ ಹೇಳಿಬಿಟ್ಟೆ. ಅಪ್ಪನನ್ನು ಕೇಳಿದ್ದಕ್ಕೆ "ನಡೆಸುವವಳು ಹೇಳಿದ ಹಾಗೆ" ಎಂದರು. ಡೀಸೆಲ್ ಕಾಲ ಮುಗಿಯಬಹುದು, ನಾನು ಕುರುಡಿಯಲ್ಲ, ಪಡೀಲಿನಲ್ಲೇ ಬ್ಯಾಟರಿ ರಿಕ್ಷಾಗಳು ಓಡಾಡುತ್ತಿವೆ. ಆದರೆ ಬಂದರಿನ ಬೋಟುಗಳು ನಾಳೆಯೇ ಬ್ಯಾಟರಿಗೆ ಹೋಗುವುದಿಲ್ಲ. ಹೋಗುವ ದಿನ ಬಂದರೆ ಅದನ್ನೂ ಕಲಿಯುತ್ತೇನೆ. ನಲವತ್ತು ವಯಸ್ಸಿಗೆ ಇಂಜೆಕ್ಟರ್ ಬಿಚ್ಚಲು ಕಲಿತವಳಿಗೆ ಐವತ್ತರಲ್ಲಿ ಬ್ಯಾಟರಿ ದೊಡ್ಡದಲ್ಲ. ನೀನು ಸಿಟ್ಟಾದರೂ ನನ್ನ ಅಣ್ಣನೇ, ಆದರೆ ಈ ಮಾತು ಬದಲಾಗುವುದಿಲ್ಲ ಮಾರಾಯ.

ಅತ್ತಿಗೆಗೆ ನನ್ನ ನೆನಪು ಹೇಳು. ಅಪ್ಪ ನಿಮ್ಮೆಲ್ಲರ ಹೆಸರು ಹೇಳಿ ದಿನಾ ದೀಪಕ್ಕೆ ಕೈ ಮುಗಿಯುತ್ತಾರೆ, ಅವರ ಆಶೀರ್ವಾದ ನಿನ್ನ ಸೊಂಟಕ್ಕೂ ತಾಗಲಿ.

ನಿನ್ನ ತಂಗಿ,
ಸ್ವರ್ಣಲತಾ

ತಾ.ಕ.: ಪ್ರೇಮ್ ಗೇಟಿನಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಆ ಸೀಳಿದ ಹೋಸಿನ ವಿಡಿಯೋವನ್ನು ನಿನ್ನ ಮಗಳು ಮೋಕ್ಷಾಗೆ ಕಳುಹಿಸಿದ್ದೆ. ಒಂದು ಗಂಟೆ ಫೋನಿನಲ್ಲಿ ಪ್ರಶ್ನೆ ಕೇಳಿದಳು, ಆಮೇಲೆ ಅತ್ತಳು. ಹನ್ನೆರಡನೇ ಪರೀಕ್ಷೆ ಮುಗಿದ ಮೇಲೆ ನೀನು ಹೇಳಿದ ಬಿ.ಕಾಂ. ಅವಳಿಗೆ ಬೇಡವಂತೆ. ಇಲ್ಲಿ ಬಂದು ಮೆಕ್ಯಾನಿಕಲ್ ಓದಿ, ನನ್ನ ಜೊತೆ ಕೆಲಸ ಕಲಿಯಬೇಕಂತೆ. ನಿನಗೆ ಹೇಳಲು ಹೆದರಿಕೆ. ನಾನು ಆಯ್ತು ಅಂದಿದ್ದೇನೆ, ಅಪ್ಪನೂ ಅಂದಿದ್ದಾರೆ. ಬೈಯುವುದಿದ್ದರೆ ನನಗೆ ಫೋನ್ ಮಾಡು, ಅವಳಿಗೆ ಒಂದು ಮಾತೂ ಅನ್ನಬೇಡ. ಮೇ ತಿಂಗಳಿಗೆ ಅವಳ ಟಿಕೆಟ್ ಮಾಡು. ಹಳೆಯ ಬಟ್ಟೆ ನಾಲ್ಕು ಜೊತೆ ಹಾಕಿ ಕಳುಹಿಸು, ಗ್ರೀಸಿನ ಕಲೆ ಹೋಗುವುದಿಲ್ಲ.