ಬೆಂಗೇರಿಯ ಸ್ಲ್ಯಾಬು

ಜೂನ್ ೩, ಮಂಗಳವಾರ
ಬ್ಯಾಂಕಿನಿಂದ ಬರುತ್ತ ಎಂದಿನಂತೆ ಬೆಂಗೇರಿಗೆ ಹೋಗಿ ಕಟ್ಟಿಸುತ್ತಿರುವ ಹೊಸ ಮನೆ ನೋಡಿದೆ. ನಲವತ್ತು ದಿನವಾಯಿತು, ಒಬ್ಬ ಆಳೂ ಇಲ್ಲ. ಸ್ಲ್ಯಾಬ್ ಹಾಕಿದ್ದಷ್ಟೇ. ಕಂಟ್ರಾಕ್ಟರ್ ಕಲ್ಲೇಶ ಫೋನ್ ಎತ್ತುವುದಿಲ್ಲ. ನನ್ನ ಗಂಡನ ಚಿಕ್ಕಪ್ಪನ ಮಗ ಅಂತಲೇ ಕೆಲಸ ಒಪ್ಪಿಸಿದ್ದು. ಕರಾರುಪತ್ರವನ್ನೂ ಮಾಡಿಸಲಿಲ್ಲ...

ಇವರದು ಅದೇ ಮಾತು: “ಬ್ಯಾರೆ ಗೌಂಡಿ ಹಚ್ಚೋಣು ಬಿಡು ನಾಗರತ್ನಾ. ಮನಿತನದ ಮಾತೈತಿ.”

ಜೂನ್ ೫
ರಜೆ ಹಾಕಿ ಧಾರವಾಡಕ್ಕೆ ಹೋದೆ. ವಕೀಲರು ತಾರಾಬಾಯಿ. ನಾನು ಮೊದಲು ಕೇಳಿದ್ದು ಪೊಲೀಸ್ ಕಂಪ್ಲೇಂಟ್.

“ಅರ್ಧಕ್ಕ ಬಿಟ್ಟಾನ ಅಂದಕೂಡ್ಲೆ ಮೋಸ ಆಗೂದಿಲ್ರಿ. ಮೊದಲಿಂದನೂ ಮೋಸದ ಉದ್ದೇಶ ಇತ್ತಂತ ತೋರಸಬೇಕಾಗ್ತದ. ಗ್ರಾಹಕರ ಆಯೋಗಕ್ಕ ಹೋಗ್ಲಿಕ್ಕೆ ಬರ್ತದ. ಎರಡು ವರ್ಷದೊಳಗ ದೂರು ಹಾಕಬೇಕು.”

“ಕರಾರುಪತ್ರ ಇಲ್ಲಲ್ರಿ.”

“ವಾಟ್ಸ್ಯಾಪ್ ಅದಾವಲ್ಲ? ಚೆಕ್ ಅದಾವಲ್ಲ? ಅವೂ ಸಾಕ್ಷಿನ. ಆದ್ರ ಈಗ ಬ್ಯಾರೆ ಯಾರ ಕೈನೂ ಹಚ್ಚಸಬ್ಯಾಡ್ರಿ. ಮೊದಲ ಎಂಜಿನಿಯರ್ ಕಡಿಂದ ರಿಪೋರ್ಟ್, ಫೋಟೋ. ಆಮ್ಯಾಲೆ ನೋಟಿಸ್.”

ಜೂನ್ ೯
ಎಂಜಿನಿಯರ್ ಮಿಲಿಂದ ಬಂದಿದ್ದರು. ಹಾಲ್‌ನಲ್ಲಿ ಏಣಿ ಹತ್ತಿ ಸ್ಲ್ಯಾಬನ್ನು ಸುತ್ತಿಗೆಯಿಂದ ತಟ್ಟುತ್ತ ಹೋದರು. ಒಂದು ಕಡೆ ಸದ್ದು ಬೇರೆಯಾಯಿತು. ಟಾರ್ಚ್ ಹಿಡಿದರು — ಗೋಡೆಯಿಂದ ಗೋಡೆಗೆ ಬಿರುಕು. “ಇದರ ಕೆಳಗ ಯಾರೂ ನಿಂದರಬ್ಯಾಡ್ರಿ.”

ಇವರು ಮೆಲ್ಲಗೆ ಹೊರಗೆ ಹೋಗಿ ನಿಂತರು.  ಸಂಜೆ ಕಲ್ಲೇಶನಿಗೆ ಕಳಿಸುವ ನೋಟಿಸಿಗೆ ಸಹಿ ಮಾಡಿದರು.

ಅತ್ತೆ ಊಟ ಬಿಟ್ಟರು. “ಮನಿ ಹುಡುಗನ್ನ ಕೋರ್ಟಿಗೆ ಎಳೀತೀರೇನು?”

ಜುಲೈ ೬, ಭಾನುವಾರ


ರಾತ್ರಿ ಸೈಟಿನಲ್ಲಿ ಬೆಳಕು ಕಂಡಿತೆಂದು ಅದರ ಪಕ್ಕದ ಮನೆಯ ಸಿತಾರಾ ಫೋನ್ ಮಾಡಿದಳು. ಇವರು ಊರಲ್ಲಿಲ್ಲ. ಅತ್ತೆ ತಾವೂ ಬರುತ್ತೇನೆಂದು ಆಟೋ ಹತ್ತಿದರು. ಹೋದರೆ — ಕಲ್ಲೇಶ! ಇಬ್ಬರು ಗೌಂಡಿಗಳು ಸಿಮೆಂಟ್ ಕಲಸುತ್ತಿದ್ದಾರೆ. ಬಿರುಕಿನ ಮೇಲೆ ಗಿಲಾವು ಮಾಡಿ ಮುಚ್ಚಿಬಿಡಲು. ಏಣಿಗೆ ಅಡ್ಡ ನಿಂತೆ.

“ವೈನಿ, ಹಾದಿ ಬಿಡ್ರಿ. ಇವತ್ತ ಮುಗಿಸಿಕೊಡ್ತೇನಿ. ನೋಟಿಸ್ ಹಿಂದಕ್ಕ ತಗೋರಿ.”

“ಮುಟ್ಟಬ್ಯಾಡ ಕಲ್ಲೇಶ. ವಿಡಿಯೋ ಆಗಾಕತ್ತೈತಿ.”

ಅವನು ಒಂದು ಹೆಜ್ಜೆ ಮುಂದೆ ಬಂದ. ನಾನು ಏಣಿ ಬಿಡಲಿಲ್ಲ. ಆಗ ಹಿಂದಿನಿಂದ ಅತ್ತೆ, ಬಾಗಿಲಲ್ಲೇ ನಿಂತು ಬಿರುಕನ್ನು ನೋಡುತ್ತ, ಮೆತ್ತಗೆ ಕೇಳಿದರು:

“ಕಲ್ಲೇಶಾ, ನಿನ್ನ ಮಕ್ಕಳನ್ನ ಇದರ ಕೆಳಗ ಮಲಗಸ್ತೀ ಏನು?”

ಅವನು ಮೇಲೆ ನೋಡಲಿಲ್ಲ. ಗೌಂಡಿಗಳಿಗೆ ಸನ್ನೆ ಮಾಡಿ ಹೊರಟುಹೋದ.

ಆಟೋದಲ್ಲಿ ಅತ್ತೆ ಒಂದೇ ಮಾತು ಆಡಿದರು: “ನೋಟಿಸ್ ಆತು, ಮುಂದಿಂದೂ ಮಾಡ್ರಿ.”

ಜುಲೈ ೨೮
ನೋಟಿಸಿನ ಗಡುವು ಮುಗಿಯಿತು, ಉತ್ತರವಿಲ್ಲ. ಆಯೋಗಕ್ಕೆ ದೂರು ಹಾಕಿದೆವು.

ನವೆಂಬರ್ ೧೨, ಬುಧವಾರ
ಧಾರವಾಡದಲ್ಲಿ ಆಯೋಗದ ವಿಚಾರಣೆ. ಅತ್ತೆಯೂ ಬಂದಿದ್ದರು. ಬಿರುಕು ಹಳೆಯದಲ್ಲ, ಮನೆಯವರೇ ಏನೋ ಮಾಡಿದ್ದಾರೆ ಅಂತ ಕಲ್ಲೇಶನ ವಕೀಲರು ಶುರು ಮಾಡಿದರು. ನಾನು ಏಳಹೋದೆ. ತಾರಾಬಾಯಿ ನನ್ನ ಮೊಣಕೈ ಒತ್ತಿ ಹಿಡಿದರು. ಅಷ್ಟರಲ್ಲಿ ಕಲ್ಲೇಶ ಎದ್ದ. ವಕೀಲರು ಅಂಗಿ ಜಗ್ಗಿದರೂ ಕೂರಲಿಲ್ಲ.

“ಸ್ಲ್ಯಾಬ್ ಗಟ್ಟಿ ಆಗೂ ಮೊದಲ, ಕೆಳಗಿನ ಸೆಂಟ್ರಿಂಗ್ ಆಸರಾ ಲಗೂ ಬಿಚ್ಚಿಸಿದೆ ರೀ. ಬ್ಯಾರೆ ಸೈಟಿಗೆ ಬೇಕಾಗಿತ್ತು. ಬಿರುಕು ಬಿಟ್ಟಿದ್ದು ನೋಡಿ ಹೆದರಿದೆ. ಅದಕ್ಕ ಓಡಿಹೋದೆ.”

ಹೇಳಿದ್ದನ್ನು ಬರೆದುಕೊಡಲು ಆಯೋಗದವರು ಅವನಿಗೆ ಎರಡು ವಾರ ಕೊಟ್ಟಿದ್ದಾರೆ. ಸ್ಲ್ಯಾಬ್ ಒಡೆದು ಮತ್ತೆ ಹಾಕಿಕೊಡುತ್ತಾನಂತೆ, ಎಂಜಿನಿಯರ್ ಎದುರಿಗೇ. ಹೊರಗೆ ಬಂದಾಗ ಅವನು ಅತ್ತೆಯ ಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದ. ನಾನು ತಡೆಯಲಿಲ್ಲ. ಆದರೆ ಕೇಸು ಹಿಂದಕ್ಕೆ ತೆಗೆದುಕೊಳ್ಳುವುದು ಹೊಸ ಸ್ಲ್ಯಾಬನ್ನು ಮಿಲಿಂದ ತಟ್ಟಿ ನೋಡಿ ಸರಿ ಎಂದ ಮೇಲೆಯೇ.