ಮೂವತ್ತೊಂಬತ್ತು ನಿಮಿಷ

ತಾಯ್‌ಚುಂಗ್, ಅಂಗಡಿಯ ಮೇಜಿನಿಂದ
ಜನವರಿ ೧೪

ಪ್ರೀತಿಯ ಅ-ಲಾನ್,

ಹೇಗಿದ್ದೀಯಮ್ಮ? ತಾಯ್‌ತುಂಗ್‌ನಲ್ಲಿ ಸಮುದ್ರದ ಗಾಳಿ ಜೋರಂತೆ, ಕಿವಿ ಮುಚ್ಚಿಕೊಂಡು ಓಡಾಡು. ನಿನ್ನ ಸೋದರತ್ತೆಯ ಮಂಡಿನೋವು ಇಳಿಯಿತೇ? ಸೀತಾಫಲ ಸಿಕ್ಕಿತೆಂದು ಹೊಟ್ಟೆ ಕೆಡಿಸಿಕೊಳ್ಳಬೇಡ. ನನ್ನ ಫೋನು ಎತ್ತಬಾರದೆಂದು ನೀನು ತೀರ್ಮಾನಿಸಿರುವುದರಿಂದ ಕಾಗದ ಬರೆಯುತ್ತಿದ್ದೇನೆ. ಇದನ್ನು ಅರ್ಧಕ್ಕೆ ಕತ್ತರಿಸುವ ಗುಂಡಿ ಇಲ್ಲ.

ನಮ್ಮ ಪಂದ್ಯಕ್ಕೆ ಇದುವರೆಗೆ ತಗಲಿದ್ದನ್ನು ಮೊದಲು ಕೂಡಿಸಿಬಿಡುತ್ತೇನೆ: ನಲವತ್ತೊಂದು ದಿನ, ಎರಡು ಫ್ಯಾನು, ಮೂವರು ಗಿರಾಕಿಗಳು, ಪಕ್ಕದ ನೂಡಲ್ಸ್ ಅಂಗಡಿಯ ಕೋ ಮಾವನ ಸ್ನೇಹ, ಒಬ್ಬ ಮಗಳು. ಕೊನೆಯದನ್ನು ಯಾವ ಕಾಲಮಿನಲ್ಲಿ ಬರೆಯಬೇಕೋ ತಿಳಿಯದೆ ಹಾಗೇ ಬಿಟ್ಟಿದ್ದೇನೆ.

ಮುಚ್ಚಿಹೋದ ಕಚೇರಿಯೊಂದರಿಂದ ನಾನು ಹೊತ್ತು ತಂದ ಆ ಸರ್ವರ್ ಬಗ್ಗೆ ಏನೆಂದು ಹೇಳಲಿ. ನಲವತ್ತೆಂಟು ಕೋರ್, ಅಂದರೆ ಲೆಕ್ಕ ಹಾಕುವ ನಲವತ್ತೆಂಟು ತಲೆ ಇವೆ, ನಿನ್ನ ಲ್ಯಾಪ್‌ಟಾಪಿಗೆ ಎಂಟೇ ಎಂದು ಬೀದಿಗೆಲ್ಲ ಸಾರಿದವನು ನಾನು. ಬೆಳಿಗ್ಗೆ ಎಬ್ಬಿಸಿದರೆ ಏಳಲು ನಾಲ್ಕು ನಿಮಿಷ, ಅಷ್ಟೂ ಹೊತ್ತು ಒಂದೇ ಅಬ್ಬರ. ಕೋ ಮಾವ ಸೌಟು ಹಿಡಿದುಕೊಂಡೇ ಬಂದು, "ಹೆಲಿಕಾಪ್ಟರ್ ಇಳಿಸ್ಕೊಂಡಿದೀಯೇನಯ್ಯಾ? ನನ್ನ ಗಿರಾಕಿಗಳು ಸೂಪ್ ಕೇಳಿದ್ರೋ ಸಾಸ್ ಕೇಳಿದ್ರೋ ಗೊತ್ತಾಗ್ತಿಲ್ಲ" ಎಂದು ಜಗಳ ತೆಗೆದರು. ಗಿರಾಕಿಯ ಅಡುಗೆಮನೆ ಹೊಸದಾಗಿ ಮಾಡಿಸಿದರೆ ಹೇಗಿರುತ್ತದೆಂಬ ಇಡೀ ಚಿತ್ರವನ್ನು ಒಂದೇ ಏಟಿಗೆ ಬಿಡಿಸು ಎಂದರೆ ನಲವತ್ತೆಂಟೂ ಮೈಬಗ್ಗಿಸಿ ಮುಗಿಸಿಬಿಡುತ್ತವೆ, ಅದರಲ್ಲಿ ಮೋಸವಿಲ್ಲ. ಆದರೆ ಶ್ರೀಮತಿ ಹೌ ಎದುರಿಗೆ ಕೂತು, ಈ ಗೋಡೆ ಸ್ವಲ್ಪ ತಿಳಿ ಹಸಿರಾದರೆ ಹೇಗೆ ಅಂದರು ನೋಡು, ಅದು ಒಂದೇ ಕೋರ್ ಮಾಡುವ ಕೆಲಸ. ಆ ಒಂದೋ ನಿಧಾನದ ಪ್ರಾಣಿ. ಉಳಿದ ನಲವತ್ತೇಳು ಕೈಕಟ್ಟಿಕೊಂಡು ಅದನ್ನೇ ನೋಡುತ್ತಿರುತ್ತವೆ. ಮೂರನೇ ಬಣ್ಣಕ್ಕೆ ಆಕೆ ಚೀಲ ಹೆಗಲಿಗೇರಿಸಿ, "ಬಿಡಿ ಚಿಯೆನ್ ಅಣ್ಣ, ನಿಜವಾದ ಗೋಡೆಗೇ ಬಳಿಸಿ ನೋಡ್ತೀನಿ, ಅದೇ ಬೇಗ ಆಗುತ್ತೆ" ಎಂದು ಎದ್ದುಹೋದರು. ನಷ್ಟವಾದ ಮೂವರಲ್ಲಿ ಇವರು ಎರಡನೆಯವರು.

ಇದನ್ನೆಲ್ಲ ನೀನು ಮೊದಲೇ ಹೇಳಿದ್ದೆ, ಗೊತ್ತು. "ಅಪ್ಪಾ, ಗಿರಾಕಿಗಳನ್ನ ಇಲ್ಲಿ ಕೂರಿಸೋದ್ಯಾಕೆ? ನಾನು ಲ್ಯಾಪ್‌ಟಾಪ್ ತಗೊಂಡು ಅವರ ಮನೇಗೇ ಹೋಗ್ತೀನಿ, ಅವರ ಗೋಡೆ ಮುಂದೇನೇ ಬಣ್ಣ ಬದಲಾಯಿಸಿ ತೋರಿಸ್ತೀನಿ" ಅಂದಿದ್ದೆ. ಅಂಗಡಿ ಎಂದಮೇಲೆ ಅದು ಇದ್ದಲ್ಲೇ ಇರಬೇಕು ಎಂದು ನಾನು ಹಟ ಹಿಡಿದೆ. ಪಂದ್ಯ ಕಟ್ಟಿದ್ದು ನೀನು: ದೊಡ್ಡ ಚಿತ್ರಕ್ಕೆ ಸರ್ವರ್ ತೆಗೆದುಕೊಂಡ ಹೊತ್ತಿನ ಮೂರು ಪಟ್ಟಿನೊಳಗೆ ನಿನ್ನದು ಮುಗಿಸಿದರೆ ನೀನು ಗಿರಾಕಿಗಳ ಮನೆಗೆ ಹೋಗಬಹುದು, ಇಲ್ಲವಾದರೆ ಇನ್ನು ಅಂಗಡಿಯ ಮಾತೇ ನೀನು ಎತ್ತುವುದಿಲ್ಲ. ನಾನೂ ನ್ಯಾಯವಾಗಿಯೇ ನಡೆದುಕೊಂಡೆ. ಸರ್ವರ್ ಮೇಲೆ ಎಂದಿನಂತೆ ಹಸಿರು ಪೊಟ್ಟಣದ ಕುರುಕಲು ಇಟ್ಟೆ. 'ಹೇಳಿದ ಮಾತು ಕೇಳು' ಎಂಬ ಅರ್ಥದ ಹೆಸರಿನ ಆ ಪೊಟ್ಟಣವಿಲ್ಲದೆ ಈ ಊರಲ್ಲಿ ಯಾರು ಯಂತ್ರ ಚಾಲೂ ಮಾಡುತ್ತಾರೆ? ಒಂದಕ್ಕೆ ಇಟ್ಟು ಇನ್ನೊಂದಕ್ಕೆ ಇಡದಿದ್ದರೆ ತಪ್ಪಾಗುತ್ತದೆಂದು, ನೀನು ಚಹಾ ತರಲು ಹೋದಾಗ ನಿನ್ನದಕ್ಕೂ ಅಂಥದ್ದೇ ಒಂದನ್ನು ಇಟ್ಟೆ. ಸರ್ವರಿಗೆ ಹನ್ನೊಂದು ನಿಮಿಷ, ನಿನ್ನದಕ್ಕೆ ಮೂವತ್ತೊಂಬತ್ತು. ಮೂರು ಪಟ್ಟೆಂದರೆ ಮೂವತ್ಮೂರು, ಆರು ನಿಮಿಷದಿಂದ ನೀನು ಸೋತೆ. ನೀನು ವಾದ ಮಾಡಿದ್ದರೆ ಚೆನ್ನಾಗಿತ್ತು. "ಸೋತೆ ಅಷ್ಟೆ, ನೀನೇ ಇಟ್ಕೋ" ಎಂದು ಲ್ಯಾಪ್‌ಟಾಪನ್ನು ಇದ್ದ ಜಾಗದಲ್ಲೇ ಬಿಟ್ಟು ಸೋದರತ್ತೆಯ ಮನೆಗೆ ಹೊರಟುಬಿಟ್ಟೆ. ಮಾತು ಉಳಿಸಿಕೊಳ್ಳುವ ಈ ಕೆಟ್ಟ ಚಟ ನಿನ್ನ ಅಮ್ಮನ ಕಡೆಯಿಂದ ಬಂದದ್ದು.

ಇಲ್ಲಿ ಬೇರೇನೂ ವಿಶೇಷವಿಲ್ಲ. ನಿನ್ನ ಛತ್ರಿಯನ್ನು ಕೋ ಮಾವ ಒಯ್ದಿದ್ದಾರೆ, ಕೇಳಲು ನನಗೆ ಮುಖವಿಲ್ಲ. ಸೋದರತ್ತೆಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮೈ ಗಟ್ಟಿಯಾಗಿರಲಿ, ನಿದ್ದೆ ಚೆನ್ನಾಗಿ ಬರಲಿ.

ನಿನ್ನ ಅಪ್ಪ,
ಚಿಯೆನ್ ಮಿಂಗ್-ತೆ

ಮರೆತಿದ್ದೆ: ಅಂಚೆಯವನು ಬರುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಅವಧಿ ಮುಗಿದ ಪೊಟ್ಟಣ ಇಟ್ಟರೆ ಯಂತ್ರ ಮುನಿಯುತ್ತದಲ್ಲ, ನಿನ್ನೆ ಎರಡನ್ನೂ ಬದಲಿಸಲು ಹೋದೆ. ನಿನ್ನ ಲ್ಯಾಪ್‌ಟಾಪಿನ ಪೊಟ್ಟಣದ ಒಂದು ಮಗ್ಗುಲು ಶಾಖಕ್ಕೆ ಮುದುಡಿತ್ತು. ಜಾರದಿರಲೆಂದು ನಾನು ಅದನ್ನು ಪರದೆಯ ಬುಡಕ್ಕೆ ಒತ್ತಿ ಸಿಕ್ಕಿಸಿದ್ದೆ, ಸರಿಯಾಗಿ ಬಿಸಿಗಾಳಿ ಹೊರಬರುವ ಕಿಂಡಿಯ ಮೇಲೆ. ಕಾದು ಕಾದು ಪಾಪ ಲ್ಯಾಪ್‌ಟಾಪು ತಾನೇ ವೇಗ ಇಳಿಸಿಕೊಂಡಿದೆ. ತೆಗೆದು, ಅದೇ ಚಿತ್ರ ಹಾಕಿ, ಗಡಿಯಾರ ಹಿಡಿದು ಕೂತೆ. ಇಪ್ಪತ್ನಾಲ್ಕು ನಿಮಿಷ. ನಂಬಿಕೆ ಬಾರದೆ ಇನ್ನೊಮ್ಮೆ ಹಾಕಿದೆ, ಇಪ್ಪತ್ನಾಲ್ಕೇ. ಗೆದ್ದವಳು ನೀನು, ಬಾ. ಯಾರಿಗೆ ಏನು ದಕ್ಕಿತೆಂದು ಹಂಚಿ ಬರೆದಿದ್ದೇನೆ: ಸರ್ವರಿಗೆ ಹಿಂದಿನ ಕೋಣೆ ಮತ್ತು ದೊಡ್ಡ ಚಿತ್ರಗಳು. ಕೋ ಮಾವನಿಗೆ ಸದ್ದಿಲ್ಲದ ಮಧ್ಯಾಹ್ನ, ಒಂದು ಛತ್ರಿ. ನಿನಗೆ ಲ್ಯಾಪ್‌ಟಾಪು, ಗಿರಾಕಿಗಳ ಮನೆಯ ವಿಳಾಸಗಳು, ಮೊದಲನೆಯದು ಶ್ರೀಮತಿ ಹೌ. ನನಗೆ ಅವಧಿ ಮುಗಿದ ಎರಡು ಪೊಟ್ಟಣ ಕುರುಕಲು. ಒಂದು ತಿಂದೆ, ಮೆತ್ತಗಾಗಿದೆ.